ಕಪ್ಪು ಕಿಟಕಿ ಹೋಗಲಿ, ಅದರ ಮಾತು ಉಳಿಯಲಿ

ವಿಂಡೋಸ್‌ನಲ್ಲಿ ಹೊಸಬರು ಮಾಡಿದ ಗೇಮ್ ತೆರೆದರೆ ಅದರ ಜೊತೆಗೇ ಒಂದು ಕಪ್ಪು ಕಿಟಕಿ ಎದ್ದು ನಿಲ್ಲುವುದುಂಟು. ಅದೇ ಕನ್ಸೋಲ್. ಆಡುವವರಿಗೆ ವೈರಸ್ ಇರಬಹುದೇ ಎಂಬ ಅನುಮಾನ. ಬೇಡವೆಂದು ಮುಚ್ಚಿದರೆ ಗೇಮೂ ನಿಂತುಹೋಗುತ್ತದೆ. ಅದನ್ನು ಕಾಣದಂತೆ ಮಾಡಬೇಕು ಎನ್ನುವುದರಲ್ಲಿ ತಕರಾರಿಲ್ಲ. ತಕರಾರಿರುವುದು ಮಾಡುವ ರೀತಿಯಲ್ಲಿ.

ಕೆಲವರು ಗೇಮ್ ಶುರುವಾದ ಮೇಲೆ ಕೋಡ್ ಮೂಲಕ ಕಿಟಕಿಯನ್ನು ಅಡಗಿಸುತ್ತಾರೆ. ಅಷ್ಟರಲ್ಲಿ ಅದು ಒಮ್ಮೆ ಮಿಂಚಿ ಹೋಗಿರುತ್ತದೆ. ಕನ್ಸೋಲ್ ಬೇಕೋ ಬೇಡವೋ ಎಂಬುದು ಇಎಕ್ಸ್‌ಇ ಫೈಲಿನ ಹೆಡರ್‌ನಲ್ಲೇ ದಾಖಲಾಗಿರುತ್ತದೆ. ಅಲ್ಲಿನ 'ಸಬ್‌ಸಿಸ್ಟಮ್' ಸಂಖ್ಯೆ 3 ಆದರೆ ಕನ್ಸೋಲ್ ಬರುತ್ತದೆ, 2 ಆದರೆ ಬರುವುದಿಲ್ಲ. ವಿಷುಯಲ್ ಸ್ಟುಡಿಯೋದಲ್ಲಿ ಲಿಂಕರ್ ಸೆಟ್ಟಿಂಗ್ ಬದಲಿಸಿದರೆ ಇದು ಬದಲಾಗುತ್ತದೆ. ಸರಿಯಾದ ದಾರಿ ಇದೇ.

ಆದರೆ ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಎಂಜಿನ್ ತನ್ನ ತೊಂದರೆ ಹೇಳಿಕೊಳ್ಳುತ್ತಿದ್ದುದು ಆ ಕಿಟಕಿಯಲ್ಲೇ: ಯಾವ ಚಿತ್ರ ಸಿಗಲಿಲ್ಲ, ಯಾವ ಶೇಡರ್ ಕೆಟ್ಟಿತು ಎಂದು. ಕಿಟಕಿಯ ಜೊತೆ ಈ ಮಾತೂ ಹೋದರೆ, ಇನ್ನೊಬ್ಬರ ಕಂಪ್ಯೂಟರಿನಲ್ಲಿ ಗೇಮ್ ಕುಸಿದಾಗ ಕಾರಣ ಹೇಳುವವರೇ ಇರುವುದಿಲ್ಲ. ಆಡುವವರು 'ನಡೀತಿಲ್ಲ' ಎಂದಷ್ಟೇ ಹೇಳಬಲ್ಲರು. ಯೂನಿಟಿ 'ಪ್ಲೇಯರ್ ಡಾಟ್ ಲಾಗ್' ಎಂಬ ಫೈಲಿನಲ್ಲಿ ಇದನ್ನೆಲ್ಲ ಬರೆದಿಡುತ್ತದೆ. ಗೊಡೋ ಕೂಡ ಲಾಗ್ ಇಡುತ್ತದೆ. ಸ್ವಂತ ಎಂಜಿನ್ ಕಟ್ಟುವವರಿಗೆ ಇದನ್ನು ಯಾರೂ ಮಾಡಿಕೊಡುವುದಿಲ್ಲ.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಲಾಗ್ ಫೈಲ್, ಆಮೇಲೆ ಸಬ್‌ಸಿಸ್ಟಮ್ ಬದಲಾವಣೆ. ಗೇಮ್ ಮಾಡುವವರ ಬಳಿ ಕನ್ಸೋಲ್ ಇರುವ ಡಿಬಗ್ ಬಿಲ್ಡ್ ಇರಲಿ, ಆಡುವವರ ಕೈಗೆ ಕನ್ಸೋಲ್ ಇಲ್ಲದ್ದು ಹೋಗಲಿ. ಲಾಗ್ ಇಲ್ಲದೆ ಕಿಟಕಿಯನ್ನಷ್ಟೇ ತೆಗೆಯುವುದು ಕಸವನ್ನು ಚಾಪೆಯಡಿ ತಳ್ಳಿದಂತೆ.