ಬೀಳುವ ವಿದ್ಯೆ

ಬಾಲ್ಯದಲ್ಲಿಯೇ ಮಲ್ಲವಿದ್ಯೆಗೆ ಇಳಿದವರದು ಒಂದು ಪಂಗಡ. ನಲವತ್ತರ ಹೊಸ್ತಿಲಲ್ಲಿ, ವೈದ್ಯರ ಎಚ್ಚರಿಕೆಗೆ ಅಂಜಿಯೋ, ಮಗನನ್ನು ತರಗತಿಗೆ ಕರೆತಂದ ನೆಪದಲ್ಲಿಯೋ ತಾವೂ ಸೊಂಟಪಟ್ಟಿ ಬಿಗಿದವರದು ಇನ್ನೊಂದು. ನಗರದ ಕರಾಟೆ, ಜೂಡೊ ಶಾಲೆಗಳ ಸಂಜೆಯ ಹೊತ್ತಿನಲ್ಲಿ ಈ ಎರಡನೆಯವರೂ ಕಾಣಸಿಗುತ್ತಾರೆ. ಇವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಮುರಿದ ಮಣಿಕಟ್ಟು ಹದಿನೆಂಟರ ಹುಡುಗನಿಗೆ ನಾಲ್ಕು ವಾರದ ರಜೆಯಾದರೆ, ಕೈಯಿಂದಲೇ ದುಡಿದು ಸಂಸಾರ ಸಾಕುವ ಗೃಹಸ್ಥನಿಗೆ ಅದು ಮನೆಯ ಲೆಕ್ಕವನ್ನೇ ಅಲುಗಿಸುವ ಸಂಗತಿ.

ಜೂಡೊವಿನ ಪ್ರವರ್ತಕರಾದ ಜಿಗೊರೊ ಕಾನೊ ವೃತ್ತಿಯಿಂದ ಅಧ್ಯಾಪಕರು. ೧೮೮೨ರಲ್ಲಿ ಟೋಕಿಯೋದ ಐಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಬೆರಳೆಣಿಕೆಯ ಶಿಷ್ಯರೊಡನೆ ಅವರು ಕೊಡೊಕಾನ್ ಶಾಲೆಯನ್ನು ಆರಂಭಿಸಿದರು. ಹಳೆಯ ಜುಜುತ್ಸುವಿನ ಅಪಾಯಕರವಾದ ಪಟ್ಟುಗಳನ್ನು ಅಭ್ಯಾಸದ ಸೆಣಸಾಟದಿಂದ ಹೊರಗಿಟ್ಟದ್ದು ಅವರ ವಿವೇಕ. ಎಸೆಯುವುದನ್ನು ಕಲಿಯುವ ಮೊದಲು ಬೀಳುವುದನ್ನು ಕಲಿಯಬೇಕೆಂಬುದು ಜೂಡೊ ಶಾಲೆಗಳ ನಿಯಮ. ಇದಕ್ಕೆ ಉಕೆಮಿ ಎಂದು ಹೆಸರು. ಗದ್ದವನ್ನು ಎದೆಗೊತ್ತಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಮೈ ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಇಡಿಯ ತೋಳಿನಿಂದ ಚಾಪೆಯನ್ನು ಬಡಿದರೆ, ಪೆಟ್ಟು ಒಂದೆಡೆ ನಾಟದೆ ಹರಡಿಹೋಗುತ್ತದೆ, ತಲೆಯೂ ಉಳಿಯುತ್ತದೆ.

ದೊಡ್ಡವರ ಸಹಜಬುದ್ಧಿ ಇದಕ್ಕೆ ತೀರ ವಿರುದ್ಧ. ಬೀಳುವಾಗ ಅವರು ಅಂಗೈಯನ್ನು ಮುಂದೆ ಚಾಚುತ್ತಾರೆ. ದೇಹದ ಭಾರವೆಲ್ಲ ಮಣಿಕಟ್ಟಿಗೆ ಬರುತ್ತದೆ. ಆಮೇಲೆ ಹೆಬ್ಬೆರಳ ಬುಡದ ಕುಳಿಯಲ್ಲಿ ಸಣ್ಣ ನೋವು. 'ಉಳುಕಿರಬೇಕು' ಎಂದು ಎಣ್ಣೆ ನೀವಿ ಸುಮ್ಮನಾಗುವವರೇ ಹೆಚ್ಚು. ಆ ಕುಳಿಯಡಿಯಲ್ಲಿ ಸ್ಕೇಫಾಯ್ಡ್ ಎಂಬ ದೋಣಿಯಾಕಾರದ ಕಿರುಮೂಳೆಯಿದೆ. ಅದರ ಬಿರುಕು ಮೊದಲ ಎಕ್ಸ್-ರೇ ಚಿತ್ರದಲ್ಲಿ ಕಾಣದೆಹೋಗುವುದುಂಟು. ರಕ್ತಸಂಚಾರ ಅಲ್ಲಿ ಕಡಮೆಯಾದುದರಿಂದ, ಅಲಕ್ಷಿಸಿದ ಮೂಳೆ ಕೂಡಿಕೊಳ್ಳದೆಯೇ ಉಳಿದು, ವರ್ಷಗಳ ಅನಂತರವೂ ಕಾಡೀತು. ನೋವು ಉಳಿದಿದ್ದರೆ ಹತ್ತು ಹದಿನೈದು ದಿನಗಳಲ್ಲಿ ಮತ್ತೊಮ್ಮೆ ಚಿತ್ರ ತೆಗೆಸುವುದೇ ಸರಿ.

ಬೀಳುವುದಕ್ಕಿಂತಲೂ ಕಷ್ಟವಾದುದು ಸೋಲೊಪ್ಪುವುದು. ತೋಳನ್ನು ತಿರುಚಿ ಹಿಡಿದಾಗ ಎದುರಾಳಿಯ ಮೈಯನ್ನೋ ಚಾಪೆಯನ್ನೋ ಎರಡು ಸಲ ತಟ್ಟಿದರೆ ಸಾಕು, ಅವನು ಬಿಡಬೇಕು. ಮಗನ ವಯಸ್ಸಿನ ಹುಡುಗನ ಮುಂದೆ ತಟ್ಟಲು ಕಚೇರಿಯ ಮೇಲಧಿಕಾರಿಗೆ ಸಂಕೋಚ! ಮೊಣಕೈಯ ಕಟ್ಟು ಹರಿಯುವುದು ಆ ಸಂಕೋಚದ ಅರೆಕ್ಷಣದಲ್ಲಿಯೇ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಂಥ ಉಗ್ರವಾದ ಸೆಣಸಾಟವೂ ಮೊದಲ ರಕ್ತ ಕಂಡೊಡನೆ ನಿಲ್ಲುತ್ತದೆ. ಅದರಿಂದ ಜಟ್ಟಿಗಳ ಮಾನಕ್ಕೆ ಕುಂದು ಬಂದಂತಿಲ್ಲ.

ಇನ್ನೊಂದು ಮೋಸ ದೇಹದೊಳಗಿನದು. ಕೆಲವು ವಾರಗಳ ಸಾಧನೆಗೇ ಮಾಂಸಖಂಡ ಬಲಿಯುತ್ತದೆ, ಉಸಿರು ಹದಕ್ಕೆ ಬರುತ್ತದೆ. ಮೂಳೆಗೂ ಮಾಂಸಕ್ಕೂ ಬೆಸುಗೆಯಾದ ಸ್ನಾಯುರಜ್ಜು ಮಾತ್ರ ನಿಧಾನವಾಗಿ ಗಟ್ಟಿಯಾಗುತ್ತದೆ. 'ಈಗ ಪಳಗಿದೆ' ಎಂದು ಬೀಗಿ ವಾರಕ್ಕೆ ಎರಡು ದಿನದ ಅಭ್ಯಾಸವನ್ನು ಒಮ್ಮೆಲೇ ಐದಕ್ಕೆ ಏರಿಸುವವನ ಹಿಮ್ಮಡಿಯೋ ಮೊಣಕಾಲೋ ಮುನಿಯುವುದು ಇದರಿಂದಲೇ.

ಗಾಯವಾದ ಮೇಲಿನ ಉಪಚಾರದಲ್ಲಿಯೂ ಅಭಿಪ್ರಾಯ ಬದಲಾಗಿದೆ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರದಲ್ಲಿಡುವಿಕೆ ಎಂಬ ಸೂತ್ರವನ್ನು ೧೯೭೮ರಲ್ಲಿ ಪ್ರಚುರಪಡಿಸಿದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಮಾಯುವುದನ್ನು ತಡಮಾಡಬಹುದೆಂದು ೨೦೧೪ರಲ್ಲಿ ಬರೆದರು. ಒಂದೆರಡು ದಿನ ಕಾಪಾಡಿಕೊಂಡು, ಆಮೇಲೆ ನೋವು ಒಪ್ಪುವಷ್ಟು ಮಾತ್ರ ಆಡಿಸುವುದು ಈಗಿನ ಪದ್ಧತಿ. ತಿರುಚಿದ ಪಾದವಾದರೆ, ಕೆನಡಾದ ಒಟ್ಟಾವದಲ್ಲಿ ೧೯೯೨ರಲ್ಲಿ ರೂಪುಗೊಂಡ ನಿಯಮ ಉಪಯುಕ್ತ: ನಾಲ್ಕು ಹೆಜ್ಜೆ ನಡೆಯಲಾರದವನಿಗೆ, ಕಾಲಗಂಟಿನ ಮೂಳೆಯ ಹಿಂಬದಿಯನ್ನು ಒತ್ತಿದರೆ ನೋಯುವವನಿಗೆ ಎಕ್ಸ್-ರೇ ಬೇಕು.

ತಲೆಗೆ ಬಿದ್ದ ಪೆಟ್ಟಿಗೆ ಇಂಥ ಮನೆಯ ಲೆಕ್ಕಾಚಾರ ನಡೆಯದು. ಕಣ್ಣು ಮಂಜಾದರೂ, ಮಾತು ತಡವರಿಸಿದರೂ ಆ ದಿನದ ಅಭ್ಯಾಸ ಮುಗಿಯಿತೆಂದೇ ತಿಳಿಯಬೇಕು. ವೈದ್ಯರು ಒಪ್ಪುವವರೆಗೆ ಚಾಪೆಗೆ ಮರಳಕೂಡದು. ಪ್ರಜ್ಞೆ ತಪ್ಪಿದರೆ, ವಾಂತಿಯಾದರೆ, ತಲೆನೋವು ಏರುತ್ತಲೇ ಹೋದರೆ ಕೂಡಲೇ ಆಸ್ಪತ್ರೆ. ಈ ಚಿಹ್ನೆಗಳು ಕೆಲವೊಮ್ಮೆ ಗಂಟೆಗಳ ಬಳಿಕ ತೋರುತ್ತವೆ. ಪೆಟ್ಟು ತಿಂದವನಿಗೇ ಅವು ತಿಳಿಯದೆ ಇರಬಹುದು. 'ಮನೆಯಲ್ಲಿ ಹೇಳಿದರೆ ನಾಳೆಯಿಂದ ಬಿಡಿಸಿಬಿಡುತ್ತಾರೆ' ಎಂದು ಹೆಂಡತಿಯಿಂದ ಮುಚ್ಚಿಟ್ಟು ಮಲಗುವ ಯಜಮಾನನನ್ನು ಅಂದಿನ ರಾತ್ರಿ ಗಮನಿಸಬೇಕಾದವರು ಅವರೇ.