ಸಿಕ್ಕ ದೋಷ ಯಾರ ಕಿವಿಗೆ ಬೀಳಬೇಕು?

ಲಕ್ಷ್ಮೀನಾರಾಯಣ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಓದುವವರ ಕಣ್ಣಿಗೆ ಆರು ಅಕ್ಷರ. ಕಂಪ್ಯೂಟರಿನ ಲೆಕ್ಕವೇ ಬೇರೆ. ಯೂನಿಕೋಡ್‌ನಲ್ಲಿ ‘ಕ್ಷ್ಮೀ’ ಎಂಬ ಒಂದೇ ಸಂಯುಕ್ತಾಕ್ಷರ ಆರು ಸಂಕೇತಗಳಾಗಿ ಒಡೆದು ಕೂರುತ್ತದೆ. ಇಡೀ ಹೆಸರಿಗೆ 13 ಸಂಕೇತ. ಜಾಲತಾಣಗಳು ಬಳಸುವ ಯುಟಿಎಫ್‌–8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಜಾಗ ಬೇಕು. ಅಲ್ಲಿಗೆ 39 ಬೈಟ್. ಇಂಗ್ಲಿಷಿನಲ್ಲಿ ಬರೆದರೆ ಇದೇ ಹೆಸರು 15 ಬೈಟಿಗೆ ಮುಗಿಯುತ್ತದೆ. ಅರ್ಜಿ ನಮೂನೆ ಸಿದ್ಧಪಡಿಸಿದವರು ಇಂಗ್ಲಿಷ್ ಹೆಸರುಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಹೆಸರಿನ ಕಾಲಂಗೆ 30 ಬೈಟ್ ಮಿತಿ ಹಾಕಿದರೆ ಡೇಟಾಬೇಸಿಗೆ ಹೋಗಿ ಸೇರುವುದು ‘ಲಕ್ಷ್ಮೀನಾರ’. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರದೇ ಇರಬಹುದು. ಅರ್ಜಿ ಸ್ವೀಕೃತವಾಗಿದೆ ಎಂಬ ಹಸಿರು ಸಾಲು ಬರುತ್ತದೆ, ಸ್ವೀಕೃತಿ ಸಂಖ್ಯೆಯೂ ಸಿಗುತ್ತದೆ. ಅರ್ಜಿದಾರರಿಗೆ ವಿಷಯ ಗೊತ್ತಾಗುವುದು ತಿಂಗಳುಗಳ ಮೇಲೆ, ಆಧಾರ್‌ನಲ್ಲಿರುವ ಹೆಸರಿಗೂ ಅರ್ಜಿಯಲ್ಲಿರುವ ಹೆಸರಿಗೂ ತಾಳೆಯಾಗುತ್ತಿಲ್ಲ ಎಂದು ಹಣ ತಡೆಹಿಡಿದಾಗ.

ಬೆಂಗಳೂರಿನಲ್ಲಿ ಹಲವು ವರ್ಷ ಸಾಫ್ಟ್‌ವೇರ್ ಟೆಸ್ಟರ್ ಆಗಿ ದುಡಿದ ನನಗೆ ಇಂಥ ದೋಷ ಹೊಸದಲ್ಲ. ಹಿಡಿಯುವುದೂ ಕಷ್ಟವಿಲ್ಲ. ಉದ್ದದ ಹೆಸರು ಹಾಕಿ, ಸೇವ್ ಮಾಡಿ, ಮತ್ತೆ ತೆರೆದು ನೋಡಿದರೆ ಐದು ನಿಮಿಷದಲ್ಲಿ ಸಿಗುತ್ತದೆ. ಸಿಕ್ಕ ಮೇಲೂ ಅದು ಹಾಗೆಯೇ ಉಳಿದುಬಿಟ್ಟದ್ದನ್ನು ಕಂಡಿದ್ದೇನೆ. ನಾನು ಬರೆದ ವರದಿಯಲ್ಲಿ ‘ಹೆಸರಿನ ಫೀಲ್ಡ್ ಮಲ್ಟಿಬೈಟ್ ಅಕ್ಷರಗಳನ್ನು ಕತ್ತರಿಸುತ್ತಿದೆ’ ಎಂಬ ಒಂದೇ ಸಾಲಿತ್ತು. ಡೆವಲಪರ್‌ಗೆ ಅರ್ಥವಾಯಿತು. ಮ್ಯಾನೇಜರ್ ಕಣ್ಣಿಗೆ ಅದು ಅಪರೂಪಕ್ಕೆ ಎದುರಾಗುವ ಸಣ್ಣ ತಾಂತ್ರಿಕ ತೊಡಕಿನಂತೆ ಕಂಡಿತು. ಆದ್ಯತೆಯ ಕಾಲಂನಲ್ಲಿ ‘ಲೋ’ ಎಂದು ನಮೂದಾಗಿ ಮುಂದಿನ ರಿಲೀಸ್‌ಗೆ ಹೋಯಿತು. ಸೇವೆ ಒದಗಿಸಬೇಕಿದ್ದ ಅಧಿಕಾರಿಯವರೆಗೆ ಆ ಸಾಲು ತಲುಪಲೇ ಇಲ್ಲ. ‘ಉದ್ದನೆಯ ಕನ್ನಡ ಹೆಸರಿರುವ ಯಾರ ಅರ್ಜಿಯೂ ಆಧಾರ್ ಜೊತೆ ತಾಳೆಯಾಗುವುದಿಲ್ಲ’ ಎಂದು ಬರೆದಿದ್ದರೆ ಆ ದಿನದ ಸಭೆಯ ತೀರ್ಮಾನ ಬೇರೆಯಾಗುತ್ತಿತ್ತು ಎಂದು ಇಂದಿಗೂ ನಂಬಿದ್ದೇನೆ.

ಪರೀಕ್ಷಕರ ಕೆಲಸದಲ್ಲಿ ಅರ್ಧ ಪಾಲು ಹುಡುಕುವುದು, ಇನ್ನರ್ಧ ಹೇಳುವುದು. ಡೆವಲಪರ್‌ಗೆ ಬೇಕಾದದ್ದು ಯಾವ ಹೆಸರು ಹಾಕಿದಾಗ, ಯಾವ ಹೆಜ್ಜೆಯಲ್ಲಿ, ಎಷ್ಟನೇ ಬೈಟಿನ ಬಳಿ ಕತ್ತರಿ ಬೀಳುತ್ತದೆ ಎಂಬ ವಿವರ. ಮ್ಯಾನೇಜರ್‌ಗೆ ಬೇಕಾದದ್ದು ಸರಿಪಡಿಸಲು ಎಷ್ಟು ದಿನ, ಬಿಟ್ಟರೆ ಏನು ನಷ್ಟ ಎಂಬ ಲೆಕ್ಕ. ಇಲಾಖೆಯ ಅಧಿಕಾರಿಗೆ ಯಾವ ಯೋಜನೆಯ ಯಾರ ಹಣ ನಿಲ್ಲುತ್ತದೆ ಎಂದು ತಿಳಿಯಬೇಕು. ಗ್ರಾಮ ಒನ್ ಕೇಂದ್ರದಲ್ಲಿ ಕೂತ ಆಪರೇಟರ್‌ಗೆ ಇವ್ಯಾವುದೂ ಬೇಡ. ದೋಷ ಸರಿಹೋಗುವ ತನಕ ಎದುರಿಗೆ ನಿಂತವರಿಗೆ ಏನು ಹೇಳಲಿ ಎಂಬುದಷ್ಟೇ ಅವರ ಪ್ರಶ್ನೆ. ಆ ನಿಂತವರಿಗೋ, ತಪ್ಪು ನಿಮ್ಮದಲ್ಲ ಎಂಬ ಒಂದು ಮಾತು ಬೇಕು. ಕೇಳುವವರು ಬದಲಾದಂತೆ ಮಾತಿನ ರೀತಿ ಬದಲಾಗಲಿ. ದೋಷದ ತೂಕ ಮಾತ್ರ ಎಲ್ಲರ ಮುಂದೆಯೂ ಒಂದೇ ಇರಬೇಕು. ಮೇಲಿನವರ ಕಡೆಗೆ ಹೋಗುತ್ತಾ ಹೋಗುತ್ತಾ ವರದಿ ಹಗುರವಾಗುವುದೇ ಈ ಉದ್ಯಮದ ದೊಡ್ಡ ರೋಗ.

ಆ ರೋಗ ಎಲ್ಲಿಯವರೆಗೆ ಕರೆದೊಯ್ಯಬಹುದು ಎಂಬುದನ್ನು ತಿಳಿಯಲು ಬ್ರಿಟನ್ನಿನ ಅಂಚೆ ಕಚೇರಿ ಸಂಸ್ಥೆಯ ಪ್ರಕರಣವನ್ನು ಪ್ರತಿಯೊಬ್ಬ ಟೆಸ್ಟರ್ ಓದಬೇಕು. ಫುಜಿತ್ಸು ಕಂಪನಿ ನಡೆಸುತ್ತಿದ್ದ ‘ಹೊರೈಜನ್’ ಎಂಬ ಲೆಕ್ಕಪತ್ರ ತಂತ್ರಾಂಶ 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಬಂತು. ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ಅದು ತೋರಿಸತೊಡಗಿತು. ಕೊರತೆಯನ್ನು ಕೈಯಿಂದ ತುಂಬಬೇಕಿದ್ದವರು ಶಾಖೆಗಳನ್ನು ನಡೆಸುತ್ತಿದ್ದ ಸಬ್ ಪೋಸ್ಟ್‌ಮಾಸ್ಟರ್‌ಗಳು. ತುಂಬಲಾಗದವರ ಮೇಲೆ ಕಳವು, ಸುಳ್ಳು ಲೆಕ್ಕದ ಮೊಕದ್ದಮೆಗಳು ಬಿದ್ದವು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಮನೆ ಮಾರಿದವರಿದ್ದಾರೆ, ಜೈಲಿಗೆ ಹೋದವರಿದ್ದಾರೆ. ಕನಿಷ್ಠ 13 ಮಂದಿ ಈ ಕಾರಣಕ್ಕೆ ಜೀವ ಕಳೆದುಕೊಂಡಿರಬಹುದು ಎಂದು ಸಾರ್ವಜನಿಕ ವಿಚಾರಣಾ ಆಯೋಗ 2025ರ ಜುಲೈನಲ್ಲಿ ಹೇಳಿತು.

ದೋಷಗಳು ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಿಳಿದ ದೋಷಗಳ ದಾಖಲೆಯೇ ಫುಜಿತ್ಸು ಒಳಗೆ ಇತ್ತು. 2010ರಲ್ಲಿ, ಸುಮಾರು 60 ಶಾಖೆಗಳ ಲೆಕ್ಕ ತಾಳೆಯಾಗದಂತೆ ಮಾಡಿದ್ದ ಒಂದು ದೋಷದ ಬಗ್ಗೆ ಅಂಚೆ ಕಚೇರಿ ಮತ್ತು ಫುಜಿತ್ಸು ಸಿಬ್ಬಂದಿ ಸಭೆ ಸೇರಿದರು. ಸಭೆಯ ಟಿಪ್ಪಣಿಯಲ್ಲಿ ದೋಷ ಹೇಗೆ ಹುಟ್ಟುತ್ತದೆ ಎಂಬುದಿದೆ, ಪರಿಹಾರದ ದಾರಿಗಳೂ ಇವೆ. ಅದರ ಜೊತೆಗೇ ಇನ್ನೊಂದು ಮಾತಿದೆ: ಇದು ಎಲ್ಲರಿಗೂ ತಿಳಿದರೆ ಶಾಖೆಗಳವರು ಹೊರೈಜನ್ ಮೇಲಿನ ನಂಬಿಕೆ ಕಳೆದುಕೊಳ್ಳಬಹುದು, ನಡೆಯುತ್ತಿರುವ ಮೊಕದ್ದಮೆಗಳ ಮೇಲೂ ಪರಿಣಾಮ ಬೀರಬಹುದು. ವರದಿ ಯಾರಿಗೆ ಹೋಗಬಾರದು ಎಂಬುದನ್ನೂ ಆ ಕೋಣೆಯಲ್ಲಿ ಯೋಚಿಸಲಾಗಿತ್ತು.

ಅದೇ ವರ್ಷದ ಅಕ್ಟೋಬರಿನಲ್ಲಿ ಸೀಮಾ ಮಿಶ್ರಾ ಎಂಬ ಸಬ್ ಪೋಸ್ಟ್‌ಮಾಸ್ಟರ್ ಕಟಕಟೆಯಲ್ಲಿ ನಿಂತರು. ತಂತ್ರಾಂಶದಲ್ಲೇ ತಪ್ಪಿದೆ ಎಂದು ಅವರ ವಕೀಲರು ವಾದಿಸುತ್ತಿದ್ದರು. ಆ ಟಿಪ್ಪಣಿ ಅವರ ಕೈಗೆ ಬರಲಿಲ್ಲ. ನವೆಂಬರಿನಲ್ಲಿ 15 ತಿಂಗಳ ಸೆರೆವಾಸದ ಶಿಕ್ಷೆಯಾದಾಗ ಸೀಮಾ ಎರಡನೇ ಮಗುವಿಗೆ ಗರ್ಭಿಣಿಯಾಗಿದ್ದರು. ಶಿಕ್ಷೆ ರದ್ದಾಗಿದ್ದು 2021ರ ಏಪ್ರಿಲ್‌ನಲ್ಲಿ. ಲೆಕ್ಕದ ಕೊರತೆ ತೋರಿಸಬಲ್ಲ ದೋಷಗಳು ಹೊರೈಜನ್‌ನಲ್ಲಿ ಇದ್ದವು ಎಂದು ಲಂಡನ್ನಿನ ಹೈಕೋರ್ಟ್ 2019ರ ಡಿಸೆಂಬರಿನಲ್ಲಿಯೇ ತೀರ್ಪು ಕೊಟ್ಟಿತ್ತು. ದೋಷ ಹುಡುಕುವ ಹಂತದಲ್ಲಿ ಇಲ್ಲಿ ಸೋಲಾಗಲಿಲ್ಲ. ಸಿಕ್ಕ ದೋಷವನ್ನು, ಅದರಿಂದ ಬದುಕು ಕಳೆದುಕೊಳ್ಳುತ್ತಿದ್ದವರಿಗೆ ಹೇಳದೇ ಇದ್ದದ್ದು ಅಪರಾಧವಾಯಿತು.

ದೋಷ ಹುಡುಕುವ ಕೆಲಸವನ್ನೇ ಕೊನೆಗೆ ತಳ್ಳಿದ ಉದಾಹರಣೆಯೂ ಇದೆ. ಅಮೆರಿಕದ ಆರೋಗ್ಯ ವಿಮೆಯ ಜಾಲತಾಣ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ತೆರೆದುಕೊಂಡಾಗ ಮೊದಲ ದಿನ ಆರೇ ಮಂದಿ ನೋಂದಣಿ ಮುಗಿಸಲು ಸಾಧ್ಯವಾಯಿತು. ಮೊದಲ ಪುಟದಿಂದ ಕೊನೆಯ ಪುಟದವರೆಗಿನ ಪೂರ್ಣ ಪರೀಕ್ಷೆ ಶುರುವಾದದ್ದೇ ಕೊನೆಯ ಎರಡು ವಾರಗಳಲ್ಲಿ ಎಂದು ಗುತ್ತಿಗೆದಾರ ಕಂಪನಿಗಳು ಆಮೇಲೆ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡವು.

ನಮ್ಮಲ್ಲಿಯೂ ಇದರ ಒಂದು ರೂಪ ನೋಡಿದ್ದೇವೆ. ಬೆಂಗಳೂರಿನ ಇನ್ಫೊಸಿಸ್ ಕಟ್ಟಿದ ಆದಾಯ ತೆರಿಗೆಯ ಹೊಸ ಪೋರ್ಟಲ್ 2021ರ ಜೂನ್ 7ರಂದು ಚಾಲನೆಗೊಂಡಿತು. ಮರುದಿನದಿಂದಲೇ ದೂರುಗಳ ಮಳೆ. 700ಕ್ಕೂ ಹೆಚ್ಚು ಇಮೇಲ್‌ಗಳಲ್ಲಿ 2,000ಕ್ಕೂ ಹೆಚ್ಚು ತೊಂದರೆಗಳು ವರದಿಯಾಗಿವೆ, ಅವುಗಳಲ್ಲಿ 90 ಬೇರೆ ಬೇರೆ ಬಗೆಯವು ಎಂದು ಹಣಕಾಸು ಸಚಿವಾಲಯವೇ ಹೇಳಿತು. ಆಗಸ್ಟ್ 23ರಂದು ಕಂಪನಿಯ ಸಿಇಒ ಸಲೀಲ್ ಪಾರೇಖ್ ಅವರನ್ನು ದೆಹಲಿಗೆ ಕರೆಸಿ, ಸೆಪ್ಟೆಂಬರ್ 15ರ ಗಡುವು ಕೊಡಲಾಯಿತು.

ಈ ಅಂಕಿಗಳನ್ನು ನಾನು ಟೆಸ್ಟರ್ ಕಣ್ಣಿನಿಂದ ಓದುತ್ತೇನೆ. ಎರಡು ಸಾವಿರ ದೂರನ್ನು ತೊಂಬತ್ತು ದೋಷಗಳಾಗಿ ವಿಂಗಡಿಸುವುದು ಪಕ್ಕಾ ಪರೀಕ್ಷಕರ ಕೆಲಸ. ಆದರೆ ದೂರು ಬರೆದವರು ಯಾರು? ತೆರಿಗೆ ವೃತ್ತಿಪರರು, ಚಾರ್ಟರ್ಡ್ ಅಕೌಂಟೆಂಟ್‌ಗಳು, ರಿಟರ್ನ್ಸ್ ಸಲ್ಲಿಸಲು ಕೂತ ಸಾಮಾನ್ಯ ತೆರಿಗೆದಾರರು. ಬಿಡುಗಡೆಗೆ ಮುಂಚೆ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ ಬಿಡುಗಡೆಯ ನಂತರ ಅವರ ತಲೆಗೆ ಬಿತ್ತು. ಅವರ ವರದಿಗೆ ನೇರ ದಾರಿ ಇದ್ದುದರಿಂದ, ದೇಶದ ಹಣಕಾಸು ಸಚಿವರ ಕಿವಿಗೂ ಅದು ಬಿದ್ದುದರಿಂದ ಕೆಲಸ ಆಯಿತು. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದ ಅಜ್ಜಿಗೆ ಆ ದಾರಿ ಇಲ್ಲ. ನಾಡಕಚೇರಿಯಲ್ಲಿ ಅವರಿಗೆ ಸಿಗುವ ಉತ್ತರ ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’. ಸರ್ವರ್ ನಿಜವಾಗಿ ಕೆಟ್ಟಿದೆಯೋ, ಹೆಸರಿನ ಕಾಲಂ ಚಿಕ್ಕದಾಗಿದೆಯೋ ಎಂಬುದು ಹೇಳುವವರಿಗೂ ಗೊತ್ತಿರುವುದಿಲ್ಲ, ಯಾಕೆಂದರೆ ಅವರಿಗೂ ಯಾರೂ ಹೇಳಿರುವುದಿಲ್ಲ.

ಇಂಥ ವರದಿಗಳನ್ನು ಈಗ ಯಂತ್ರಗಳೇ ಬರೆಯುತ್ತವೆ ಎಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. ಪುಟದ ವಿಳಾಸ ಕೊಟ್ಟರೆ ಗೂಗಲ್‌ನ ಲೈಟ್‌ಹೌಸ್ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. 2019ರಲ್ಲಿ ಆಸ್ಟ್ರಿಯಾದ ವೆಬ್ ಡೆವಲಪರ್ ಒಬ್ಬರು ಯಾರೂ ಬಳಸಲಾಗದಂಥ ಪುಟವನ್ನು ಬೇಕೆಂದೇ ಕಟ್ಟಿ, ಅಂಗವಿಕಲರ ಬಳಕೆ ಸೌಲಭ್ಯದ ವಿಭಾಗದಲ್ಲಿ ಅದಕ್ಕೆ ಲೈಟ್‌ಹೌಸ್‌ನಿಂದ ನೂರಕ್ಕೆ ನೂರು ಪಡೆದು ತೋರಿಸಿದರು. ಅದಕ್ಕೂ ಮುಂಚೆ 2017ರಲ್ಲಿ ಬ್ರಿಟನ್ ಸರ್ಕಾರದ ಡಿಜಿಟಲ್ ತಂಡ ಅಂಗವಿಕಲರಿಗೆ ತೊಡಕಾಗುವ 140ಕ್ಕೂ ಹೆಚ್ಚು ಅಡೆತಡೆಗಳನ್ನು ಒಂದೇ ಪುಟದಲ್ಲಿ ತುಂಬಿ ಹಲವು ಉಪಕರಣಗಳಿಗೆ ಒಡ್ಡಿತ್ತು. ಅತ್ಯುತ್ತಮ ಎನಿಸಿಕೊಂಡ ಉಪಕರಣವೂ ಅರ್ಧದಷ್ಟನ್ನು ಹಿಡಿಯಲಿಲ್ಲ. ನಾನು ಈ ಉಪಕರಣಗಳ ವಿರೋಧಿಯಲ್ಲ, ದಿನವೂ ಬಳಸಿದ್ದೇನೆ. ಬೇಸರದ ಕೆಲಸವನ್ನು ಅವು ಚೊಕ್ಕವಾಗಿ ಮಾಡುತ್ತವೆ. ಆದರೆ ಹಸಿರು ಅಂಕವನ್ನು ಹಾಗೆಯೇ ಕತ್ತರಿಸಿ ಅಧಿಕಾರಿಯ ಮೇಜಿನ ಮೇಲೆ ಇಡುವುದು ವರದಿ ಎನಿಸುವುದಿಲ್ಲ. ‘ಶೇ 98ರಷ್ಟು ಪರೀಕ್ಷೆಗಳು ಪಾಸ್’ ಎಂಬ ಸಾಲನ್ನು ನೋಡಿದಾಗಲೆಲ್ಲ ಉಳಿದ ಶೇ 2ರಲ್ಲಿ ಏನಿದೆ ಎಂದು ಕೇಳಬೇಕು. ಹಣ ಪಾವತಿಯ ಗುಂಡಿ ಅದರಲ್ಲಿಯೇ ಇರಬಹುದು. ಹೊರಗೆ ಹಸಿರು, ಒಳಗೆ ಕೆಂಪು ಇರುವ ಇಂಥ ವರದಿಗೆ ನಮ್ಮ ವೃತ್ತಿಯಲ್ಲಿ ಕಲ್ಲಂಗಡಿ ಎಂದೇ ಹೆಸರು.

ಯಂತ್ರ ಕೊಡುವ ಅಂಕಕ್ಕೆ ಕಾಣದೇ ಹೋಗುವುದು ಯಾವುದು ಎಂದು ತಿಳಿಯಲು ಪ್ರಜ್ಞಾ ಪ್ರಸೂನ್ ಪ್ರಕರಣ ಸಾಕು. ಆ್ಯಸಿಡ್ ದಾಳಿಯಲ್ಲಿ ಮುಖಕ್ಕೆ ಗಾಯವಾಗಿದ್ದ ಅವರು ಬ್ಯಾಂಕ್ ಖಾತೆ ತೆರೆಯಲು ಹೋದರು. ಡಿಜಿಟಲ್ ಕೆವೈಸಿಯಲ್ಲಿ ಎದುರಿಗಿರುವುದು ಜೀವಂತ ವ್ಯಕ್ತಿಯೇ ಎಂದು ಖಚಿತಪಡಿಸಲು ಕಣ್ಣು ಮಿಟುಕಿಸಬೇಕಿತ್ತು. ಪ್ರಜ್ಞಾ ಅವರಿಗೆ ಅದು ಸಾಧ್ಯವಿರಲಿಲ್ಲ. ಆ ತಂತ್ರಾಂಶ ಬರೆದಿಟ್ಟ ನಿಯಮದಂತೆ ಚೆನ್ನಾಗಿಯೇ ನಡೆಯುತ್ತಿತ್ತು; ‘ಇದು ದೋಷವಲ್ಲ, ವಿನ್ಯಾಸವೇ ಹಾಗೆ’ ಎಂದು ಯಾವ ಡೆವಲಪರ್ ಕೂಡ ಟಿಕೆಟ್ ಮುಚ್ಚಿಬಿಡಬಹುದಿತ್ತು. ಪ್ರಜ್ಞಾ ಸುಪ್ರೀಂ ಕೋರ್ಟ್‌ಗೆ ಹೋದರು. 2025ರ ಏಪ್ರಿಲ್ 30ರಂದು ಬಂದ ತೀರ್ಪು, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸಾರಿ, 20 ನಿರ್ದೇಶನಗಳನ್ನು ಕೊಟ್ಟಿತು. ಆ್ಯಪ್, ಜಾಲತಾಣಗಳನ್ನು ಬಿಡುಗಡೆಗೆ ಮುನ್ನ ಒಪ್ಪಿಗೆಗಾಗಿ ಪರೀಕ್ಷಿಸುವ ಹಂತದಲ್ಲಿ ಅಂಧರನ್ನೂ ಸೇರಿಸಿಕೊಳ್ಳಬೇಕು ಎಂಬುದು ಅವುಗಳಲ್ಲಿ ಒಂದು. ವರದಿ ಓದುವವರ ಪಟ್ಟಿಯಲ್ಲಿ ಎಂದೂ ಇರದ ಬಳಕೆದಾರರನ್ನು ನ್ಯಾಯಾಲಯ ವರದಿ ಬರೆಯುವವರ ಸಾಲಿಗೇ ತಂದು ಕೂರಿಸಿತು.

ಎಲ್ಲ ದೋಷವನ್ನೂ ಬಹಿರಂಗಪಡಿಸಿ ಎಂದು ನಾನು ಹೇಳುತ್ತಿಲ್ಲ. ಜನರ ಮಾಹಿತಿ ಸೋರುವಂಥ ಭದ್ರತಾ ಲೋಪವನ್ನು ಮೊದಲು ಸಂಬಂಧಪಟ್ಟ ಸಂಸ್ಥೆಗೆ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್‌ಗೆ ಗುಟ್ಟಾಗಿ ತಿಳಿಸಬೇಕು; ಸರಿಯಾಗುವ ತನಕ ಬಾಯಿ ಬಿಡಬಾರದು. ಹೆಸರು ಕತ್ತರಿಸುವ ಕಾಲಂಗೆ, ಕನ್ನಡ ಅಂಕಿ ಒಪ್ಪದ ದಿನಾಂಕಕ್ಕೆ, ಸ್ಕ್ರೀನ್ ರೀಡರ್ ಓದಲಾಗದ ಗುಂಡಿಗೆ ಆ ಗುಟ್ಟು ಯಾಕೆ?

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಪಹಣಿಯಿಂದ ಹಿಡಿದು ಗೃಹಲಕ್ಷ್ಮಿಯವರೆಗೆ ಇಲ್ಲಿನ ಸರ್ಕಾರಿ ಸೇವೆ ಪರದೆಯ ಮೂಲಕವೇ ಸಿಗಬೇಕು. ಪರೀಕ್ಷಿಸಲು ಬಲ್ಲವರೂ ಇಲ್ಲಿಯೇ ಇದ್ದಾರೆ. ವಾರಾಂತ್ಯದಲ್ಲಿ ಒಟ್ಟು ಸೇರಿ, ಸಿಕ್ಕ ವೆಬ್ ಉಪಕರಣಗಳನ್ನು ಪರೀಕ್ಷಿಸಿ, ಕಂಡದ್ದನ್ನು ಹಂಚಿಕೊಳ್ಳುವ ‘ವೀಕೆಂಡ್ ಟೆಸ್ಟಿಂಗ್’ 2009ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಅದು ಆಮೇಲೆ ಬೇರೆ ದೇಶಗಳಿಗೂ ಹಬ್ಬಿತು. ಕೆಲಸ ಮುಗಿದ ಮೇಲೂ ತಮ್ಮ ಖುಷಿಗೆ ಪರೀಕ್ಷೆ ಮಾಡುವ ಜನ ಇರುವ ಊರು ಇದು.

ಹಾಗಾಗಿ ಎರಡು ಕೋರಿಕೆ. ರಾಜ್ಯದ ಇ–ಆಡಳಿತ ಇಲಾಖೆ ಪ್ರತಿ ಸೇವಾ ಪೋರ್ಟಲ್‌ನ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲಿ: ಭದ್ರತೆಗೆ ಸಂಬಂಧಿಸದ, ತಿಳಿದಿರುವ ದೋಷಗಳ ಪಟ್ಟಿ ಅದೇ ಪೋರ್ಟಲ್‌ನಲ್ಲಿ ಕನ್ನಡದಲ್ಲಿ ಇರಬೇಕು. ಯಾವ ದೋಷ, ಯಾರಿಗೆ ತೊಂದರೆ, ಯಾವಾಗ ಸರಿಹೋಗುತ್ತದೆ, ಅಲ್ಲಿಯವರೆಗೆ ಏನು ಮಾಡಬೇಕು ಎಂಬ ನಾಲ್ಕು ಸಾಲು ಸಾಕು. ನಾಡಕಚೇರಿಯ ಗೋಡೆಗೂ ಅದನ್ನು ಅಂಟಿಸಲಿ. ಇನ್ನೊಂದು, ನನ್ನ ವೃತ್ತಿಯ ಗೆಳೆಯರಿಗೆ. ಈ ವಾರ ನೀವು ಬಳಸುವ ಯಾವುದಾದರೂ ಒಂದು ಸರ್ಕಾರಿ ಪೋರ್ಟಲ್ ತೆರೆದು ನಿಮ್ಮ ಊರಿನ ಅತಿ ಉದ್ದದ ಹೆಸರೊಂದನ್ನು ಕನ್ನಡದಲ್ಲಿ ತುಂಬಿ ನೋಡಿ. ಹೆಸರು ಕತ್ತರಿಸಿಹೋದರೆ ಅರ್ಜಿ ಸಲ್ಲಿಸದೆ ಅಲ್ಲಿಗೇ ನಿಲ್ಲಿಸಿ, ಕಂಡದ್ದನ್ನು ಕನ್ನಡದಲ್ಲಿ ಬರೆದು ಆ ಇಲಾಖೆಗೆ ಕಳುಹಿಸಿ. ಅದರ ಒಂದು ಪ್ರತಿಯನ್ನು ಗ್ರಾಮ ಒನ್‌ನ ಆಪರೇಟರ್ ಕೈಗೂ ಕೊಡಿ.