ಟ್ಯಾಂಕಿನ ಚೈನು ತಾನಾಗೇ ಜೋತು ಬೀಳಲಿ

ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ಕು ಜನ. ಹೋದ ಸೆಮಿಸ್ಟರಿನಲ್ಲಿ ದುಡ್ಡು ಸೇರಿಸಿ ಟಿ-34/85 ಟ್ಯಾಂಕಿನ ಒಂದು ಮಾಡೆಲ್ ಕಿಟ್ ತರಿಸಿದ್ವಿ. 1/35 ಅಳತೆಯದು. ಆಮೇಲೆ ಅದಕ್ಕೆ ಅಂತಲೇ ಬೇರೆಯಾಗಿ ಮೆಟಲ್ ಟ್ರ್ಯಾಕ್ ತರಿಸಿದ್ವಿ. ಕಿಟ್ಟಿಗಿಂತ ಟ್ರ್ಯಾಕೇ ದುಬಾರಿ! ಈ ವಿಷಯ ಕಾರಿಡಾರಿಗೆಲ್ಲ ಗೊತ್ತಾದ ದಿನದಿಂದ ನಮಗೆ ಒಂದೇ ಪ್ರಶ್ನೆ: "ಕಿಟ್ ಒಳಗೇ ಟ್ರ್ಯಾಕ್ ಇತ್ತಲ್ಲ ಮಗಾ, ಮತ್ತೆ ಇದ್ಯಾಕೆ?"

ಅದಕ್ಕೆ ಉತ್ತರ ಈ ಲೇಖನ. ಇಂಗ್ಲಿಷ್ ಮೀಡಿಯಮ್ಮಿನವರು ನಾವು, ತಪ್ಪಿದ್ದರೆ ತಿದ್ದಿಕೊಂಡು ಓದಿ. ನಮ್ಮ ಅಭಿಪ್ರಾಯವನ್ನ ಮೊದಲೇ ಹೇಳಿಬಿಡ್ತೀವಿ: ಎಲ್ಲ ಮಾಡೆಲ್ಲಿಗೂ ಮೆಟಲ್ ಟ್ರ್ಯಾಕ್ ಬೇಕಾಗಿಲ್ಲ. ಆದರೆ ಎಂಜಿನಿಯರಿಂಗ್ ಓದೋರು ಒಂದು ಸಲವಾದರೂ ಒಂದು ಸೆಟ್ ಕೈಯಾರೆ ಜೋಡಿಸಬೇಕು.

ಟಿ-34 ಫೋಟೋ ಯಾವುದಾದರೂ ನೋಡಿ. ಒಂದೊಂದು ಪಕ್ಕಕ್ಕೂ ಐದೈದು ದೊಡ್ಡ ಚಕ್ರ. ಕೆಲವು ಟ್ಯಾಂಕುಗಳಲ್ಲಿ ಮೇಲಿನ ಟ್ರ್ಯಾಕನ್ನ ಎತ್ತಿ ಹಿಡಿಯೋಕೆ ಪುಟ್ಟ ಪುಟ್ಟ ರೋಲರ್‌ಗಳಿರುತ್ತವೆ, ಇದರಲ್ಲಿ ಇಲ್ಲ. ಹಾಗಾಗಿ ಮೇಲಿನ ಟ್ರ್ಯಾಕ್ ಸೀದಾ ಚಕ್ರಗಳ ಮೇಲೇ ಮಲಗುತ್ತೆ, ಚಕ್ರ ಚಕ್ರದ ನಡುವೆ ಸ್ವಲ್ಪ ಇಳಿಯುತ್ತೆ. ಕಣ್ಣಿಗೆ 'ಇದು ಭಾರ' ಅಂತ ಹೇಳೋದು ಆ ಇಳಿತವೇ. ನಮ್ಮ ಕಿಟ್ಟಿನಲ್ಲಿ ಬಂದಿದ್ದು ಮೆತ್ತನೆ ಪ್ಲಾಸ್ಟಿಕ್ಕಿನ ಉದ್ದನೆ ಪಟ್ಟಿ. ಹಾಕಿದರೆ ರಬ್ಬರ್ ಬ್ಯಾಂಡ್ ತರ ಬಿಗಿಯಾಗಿ, ಚಕ್ರ ಮುಟ್ಟದೇ ಗಾಳಿಯಲ್ಲಿ ನಿಲ್ಲುತ್ತೆ. ಟ್ಯಾಂಕಿಗೆ ಬೆಲ್ಟ್ ಕಟ್ಟಿದ ಹಾಗೆ ಕಾಣುತ್ತೆ.

ಇದಕ್ಕೆ ಹಳೇ ಉಪಾಯಗಳು ಬೇಕಾದಷ್ಟಿವೆ. ಪಟ್ಟಿಯನ್ನ ಚಕ್ರಕ್ಕೆ ಅದುಮಿ ಅಂಟಿಸಬಹುದು, ದಾರ ಹಾಕಿ ಕೆಳಗೆ ಎಳೆದು ಕಟ್ಟಬಹುದು. ಬಿಡಿ ಬಿಡಿ ಪ್ಲಾಸ್ಟಿಕ್ ಲಿಂಕ್ ಇದ್ದರೆ ಅಂಟು ಪೂರ್ತಿ ಒಣಗೋ ಮುಂಚೆ ಒತ್ತಿ ಬಾಗಿಸಬಹುದು. ಚೆನ್ನಾಗಿ ಮಾಡಿದರೆ ಯಾರಿಗೂ ಗೊತ್ತಾಗಲ್ಲ. ಆದರೆ ಆ ಟ್ರ್ಯಾಕ್ ಬಾಗಿದ್ದಲ್ಲ, ನಾವು ಬಾಗಿಸಿದ್ದು.

ಮೆಟಲ್ ಟ್ರ್ಯಾಕ್ ಕತೆ ಬೇರೆ. ಹಂಗೇರಿಯ ಫ್ರಿಯುಲ್‌ಮಾಡೆಲ್ ಇದಕ್ಕೆ ಎಷ್ಟು ಹೆಸರುವಾಸಿ ಅಂದರೆ ಹವ್ಯಾಸಿಗಳು ಇಂಥ ಟ್ರ್ಯಾಕಿಗೆ 'ಫ್ರಿಯುಲ್' ಅಂತಲೇ ಹೇಳ್ತಾರೆ. ತವರ ಬೆರೆತ ಬಿಳಿ ಲೋಹದಲ್ಲಿ ಎರಕ ಹೊಯ್ದ ಲಿಂಕುಗಳು, ಜೊತೆಗೆ ಪಿನ್ನಿಗೆ ತಂತಿ. ಟಿ-34ಕ್ಕೆ ಪಕ್ಕಕ್ಕೆ 72 ಲಿಂಕ್, ಒಟ್ಟು 144. ಅದರಲ್ಲಿ ಒಂದು ಬಿಟ್ಟು ಒಂದಕ್ಕೆ ಮಾತ್ರ ಒಳಗಡೆ ಕೊಂಬಿನ ತರ ಒಂದು ಹಲ್ಲು ಇರುತ್ತೆ. ಯಾಕೆ ಅಂದರೆ ನಿಜವಾದ ಟ್ಯಾಂಕಿನ ಹಿಂದಿನ ಡ್ರೈವ್ ಚಕ್ರದಲ್ಲಿ ಹಲ್ಲುಗಳೇ ಇಲ್ಲ. ಒಳಗೆ ಆರು ರೋಲರ್ ಇವೆ, ಅವು ಟ್ರ್ಯಾಕಿನ ಕೊಂಬು ಹಿಡಿದು ತಳ್ಳುತ್ತವೆ. ಇದನ್ನ ನಾವು ಯಾವ ಪಿಪಿಟಿಯಲ್ಲೂ ಓದಲಿಲ್ಲ. ಲಿಂಕುಗಳಲ್ಲಿ ಎರಡು ತರ ಯಾಕಿದೆ ಅಂತ ತಲೆ ಕೆರೆದುಕೊಂಡು ಹುಡುಕಿದಾಗ ಸಿಕ್ಕಿದ್ದು.

ಮೆಟಲ್ ಭಾರ, ಅದಕ್ಕೇ ಜಾಸ್ತಿ ಜೋತು ಬೀಳುತ್ತೆ ಅಂತ ಮೊದಲು ನಾವೂ ನಂಬಿದ್ವಿ. ನಮ್ಮಲ್ಲೊಬ್ಬ ಕೂತು ಲೆಕ್ಕ ಮಾಡಿದ. ಎರಡು ತುದಿ ಹಿಡಿದು ಬಿಟ್ಟ ಸರಪಳಿಯ ಆಕಾರ ಕ್ಯಾಟಿನರಿ. ಉದ್ದ ಮತ್ತು ತುದಿಗಳ ದೂರ ಒಂದೇ ಇದ್ದರೆ ಆಕಾರದಲ್ಲಿ ತೂಕದ ಮಾತೇ ಬರಲ್ಲ. ಅಮ್ಮನ ಚಿನ್ನದ ಸರವೂ ಅಷ್ಟೇ, ಅದೇ ಉದ್ದದ ಕಬ್ಬಿಣದ ಸರಪಳಿಯೂ ಅಷ್ಟೇ ಇಳಿಯುತ್ತೆ. "ಹಾಗಾದ್ರೆ ನಮ್ಮ ದುಡ್ಡು ನೀರಿಗೆ ಹಾಕಿದ ಹಾಗಾಯ್ತಾ?" ಅಂತ ಎರಡು ದಿನ ಮೆಸ್ಸಿನಲ್ಲಿ ಜಗಳ.

ಉತ್ತರ ಸಿಕ್ಕಿದ್ದು ಆ ಸೂತ್ರ ಯಾವುದನ್ನ ಲೆಕ್ಕಕ್ಕೆ ತಗೊಳ್ಳಲ್ಲ ಅಂತ ನೋಡಿದಾಗ. ಸೂತ್ರದ ಸರಪಳಿಗೆ ಬಿಗಿತವೇ ಇಲ್ಲ. ನಿಜವಾದ ಪಟ್ಟಿಗೆ ಇದೆ, ನಿಜವಾದ ಕೀಲಿಗೂ ಸ್ವಲ್ಪ ಇದೆ. ಅಳತೆ 35 ಪಟ್ಟು ಚಿಕ್ಕದಾದರೆ ತೂಕ 35×35×35, ಅಂದರೆ 42,875 ಪಟ್ಟು ಕಮ್ಮಿಯಾಗುತ್ತೆ. 32 ಟನ್ನಿನ ಟ್ಯಾಂಕನ್ನ ಅದೇ ಉಕ್ಕಿನಲ್ಲಿ ಈ ಅಳತೆಗೆ ಮಾಡಿದರೂ ಸುಮಾರು 750 ಗ್ರಾಂ ಅಷ್ಟೇ. ವಸ್ತು ಚಿಕ್ಕದಾದಷ್ಟೂ ಅದರ ಸ್ವಂತ ತೂಕ ಅದರ ಬಿಗಿತದ ಮುಂದೆ ಸೋಲ್ತಾ ಹೋಗುತ್ತೆ. ಆಮೇಲೆ ಕೀಲಿನಲ್ಲಿ ಒಂದು ಚೂರು ಪೇಂಟ್ ಸಿಕ್ಕಿಕೊಂಡರೂ ಸಾಕು, ಪ್ಲಾಸ್ಟಿಕ್ ಲಿಂಕ್ ಹಾಗೇ ನಿಂತುಬಿಡುತ್ತೆ. ಕಿಟ್ಟಿನ ಪ್ಲಾಸ್ಟಿಕ್ ನೀರಿಗಿಂತ ಕೊಂಚ ಮಾತ್ರ ಭಾರ. ತವರ ನೀರಿನ 7.3 ಪಟ್ಟು, ಉಕ್ಕು ಸುಮಾರು 7.8 ಪಟ್ಟು. ಅಂದರೆ ಮೆಟಲ್ ಲಿಂಕ್ ಹೆಚ್ಚುಕಮ್ಮಿ ನಿಜವಾದ ಟ್ರ್ಯಾಕಿನಷ್ಟೇ ಸಾಂದ್ರ. ಭಾರ ಬೇಕಿದ್ದದ್ದು ಜಾಸ್ತಿ ಜೋತು ಬೀಳೋಕಲ್ಲ, ಕೀಲಿನ ಬಿಗಿತವನ್ನ ಗೆಲ್ಲೋಕೆ. ಇಷ್ಟು ಅರ್ಥವಾದ ದಿನ ಟ್ರ್ಯಾಕಿನ ದುಡ್ಡು ವಸೂಲಾಯ್ತು ಅನ್ನಿಸ್ತು.

ಇನ್ನು ಕೆಲಸದ ವಿಷಯ. ಪ್ರತಿ ಲಿಂಕಿನ ಅಂಚು ಉಜ್ಜಬೇಕು, ತೂತು ಮುಚ್ಚಿಕೊಂಡಿದ್ದರೆ ಕೈಯಲ್ಲಿ ತಿರುಗಿಸೋ ಪುಟ್ಟ ಡ್ರಿಲ್ಲಿನಿಂದ ಬಿಡಿಸಬೇಕು, ತಂತಿ ತೂರಿಸಿ ಕತ್ತರಿಸಿ ತುದಿಗೆ ಒಂದು ಹನಿ ಅಂಟು ಹಾಕಬೇಕು. ಇದನ್ನ 144 ಸಲ ಮಾಡಬೇಕು. ಫಸ್ಟ್ ಇಯರ್ ವರ್ಕ್‌ಶಾಪಿನಲ್ಲಿ ಫೈಲಿಂಗ್ ಮಾಡುವಾಗ ಬೈಕೊಂಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಟಾಲರೆನ್ಸ್ ಅನ್ನೋ ಪದಕ್ಕೆ ನಮಗೆ ಅರ್ಥ ಸಿಕ್ಕಿದ್ದೂ ಇಲ್ಲೇ. ನಿಜವಾದ ಟಿ-34 ಟ್ರ್ಯಾಕಿನ ಪಿಚ್ 172 ಮಿಲಿಮೀಟರ್. 35ರಿಂದ ಭಾಗಿಸಿದರೆ 4.9. ಒಂದೊಂದು ಕೀಲಿನಲ್ಲೂ ಬರೀ 0.07 ಮಿಲಿಮೀಟರ್ ಸಡಿಲ ಇತ್ತು ಅಂತಿಟ್ಟುಕೊಳ್ಳಿ. ಝೆರಾಕ್ಸ್ ಪೇಪರಿನ ದಪ್ಪಕ್ಕಿಂತ ಕಮ್ಮಿ. ಅದೇ 72 ಕೀಲಿಗೆ ಕೂಡಿದರೆ 5 ಮಿಲಿಮೀಟರ್, ಒಂದು ಇಡೀ ಲಿಂಕ್ ಹೆಚ್ಚಾದ ಹಾಗೆ! ನಿಜವಾದ ಟ್ಯಾಂಕುಗಳಲ್ಲೂ ಇದೇ ಆಗುತ್ತೆ. ಪಿನ್ನೂ ತೂತೂ ಸವೆದು ಟ್ರ್ಯಾಕ್ ಉದ್ದ ಆಗುತ್ತೆ. ಸಿಬ್ಬಂದಿ ಮುಂದಿನ ಐಡ್ಲರ್ ಚಕ್ರ ಸರಿಸಿ ಬಿಗಿ ಮಾಡ್ತಾರೆ, ಅದೂ ಸಾಲದಿದ್ದರೆ ಲಿಂಕ್ ತೆಗೀತಾರೆ.

ಪಿನ್ ಹೊರಗೆ ಬರದಂತೆ ನಾವು ಅಂಟು ಹಾಕಿದ್ವಿ. ಟಿ-34 ಮಾಡಿದವರು ಏನು ಮಾಡಿದ್ದರು ಗೊತ್ತಾ? ಪಿನ್ನಿನ ತಲೆ ಟ್ಯಾಂಕಿನ ಮೈ ಕಡೆಗೆ, ಇನ್ನೊಂದು ತುದಿಗೆ ಯಾವ ಲಾಕೂ ಇಲ್ಲ. ಓಡ್ತಾ ಓಡ್ತಾ ಪಿನ್ ಒಳಗಡೆಗೆ ಸರಿದರೆ, ಹಿಂಭಾಗದಲ್ಲಿ ಮೈಗೆ ಬೆಸೆದ ಒಂದು ಓರೆ ತುಂಡಿಗೆ ತಾಗಿ ಮತ್ತೆ ಜಾಗಕ್ಕೆ ಹೋಗುತ್ತೆ. ಪ್ರತಿ ಸುತ್ತಿಗೂ ತಾನೇ ರಿಪೇರಿ. ಯುದ್ಧದ ಅವಸರದಲ್ಲಿ ಮಾಡಿದ ಗಾಡಿ, ಆದರೂ ಎಂಥ ತಲೆ ನೋಡಿ.

ಎಡವಟ್ಟೂ ಆಯ್ತು. ಎಡಗಡೆ ಟ್ರ್ಯಾಕಿನಲ್ಲಿ ಅಂಟು ಕೀಲಿನೊಳಗೆ ಇಳಿದು ಮೂರು ಲಿಂಕ್ ಗಟ್ಟಿಯಾಗಿಬಿಟ್ಟವು. ಉಳಿದದ್ದೆಲ್ಲ ಸೀರೆ ಸೆರಗಿನ ಹಾಗೆ ಇಳಿದರೆ ಆ ಮೂರು ಮಾತ್ರ ಕೋಲಿನ ಹಾಗೆ ನೆಟ್ಟಗೆ. ರಾತ್ರಿ ಒಂದು ಗಂಟೆ. "ಬಿಡ್ರೋ, ಅಲ್ಲಿ ಕೆಸರು ಮೆತ್ತಿದ ಹಾಗೆ ಪೇಂಟ್ ಮಾಡಿಬಿಡೋಣ, ಯಾರು ನೋಡ್ತಾರೆ?" ಅಂದ ಒಬ್ಬ. ಎಲ್ಲರೂ ನಕ್ಕು ಸುಮ್ಮನಾದ್ವಿ. ಯಾಕೆಂದರೆ ಅದೇ ವಾರ ಲ್ಯಾಬಿನಲ್ಲಿ ಅದೇ ಕೆಲಸ ಮಾಡಿ ಬಂದಿದ್ವಿ.

ಸ್ಪ್ರಿಂಗ್ ಪ್ರಯೋಗ. ಲೋಡ್ ಮತ್ತು ಡಿಫ್ಲೆಕ್ಷನ್ ಗ್ರಾಫ್ ಸರಳರೇಖೆ ಬರಬೇಕು. ನಮ್ಮದರಲ್ಲಿ ಒಂದು ಬಿಂದು ದೂರ ಹೋಗಿ ಕೂತಿತ್ತು. ಒರೆಸಿ, ಗೆರೆ ಮೇಲೆ ಇಟ್ಟು, ಟೇಬಲ್ಲಿನಲ್ಲಿ ರೀಡಿಂಗ್ ತಿದ್ದಿ ಸಹಿ ಹಾಕಿಸಿಕೊಂಡ್ವಿ. ಪೂರ್ತಿ ಮಾರ್ಕ್ಸ್ ಬಂತು. ನೀವೂ ಮಾಡಿರ್ತೀರಿ, ಸುಳ್ಳು ಹೇಳಬೇಡಿ! ಟ್ರ್ಯಾಕನ್ನ ಚಕ್ರಕ್ಕೆ ಅದುಮಿ ಅಂಟಿಸೋದೂ ಇದೂ ಬೇರೆ ಏನಲ್ಲ. ಉತ್ತರ ಗೊತ್ತಿದೆ, ಅದಕ್ಕೆ ಬೇಕಾದ ಹಾಗೆ ಬಾಗಿಸ್ತೀವಿ. ಆಟಿಕೆಯಲ್ಲಾದರೆ ಪರವಾಗಿಲ್ಲ. ನಾಳೆ ನಾವು ಅಳೆಯೋದು ಸೇತುವೆಯ ಬೋಲ್ಟ್ ಆಗಿರಬಹುದು, ಲಿಫ್ಟಿನ ರೋಪ್ ಆಗಿರಬಹುದು.

ಆ ರಾತ್ರಿ ಮೂರು ಲಿಂಕ್ ಕತ್ತರಿಸಿ ತೆಗೆದು, ಮಿಕ್ಕಿದ್ದ ಹೆಚ್ಚುವರಿ ಲಿಂಕ್ ಹಾಕಿದ್ವಿ. ಎರಡು ತಾಸು ಹಿಡಿತು. ಅಂಟು ಎಲ್ಲಿ ಇಳಿದಿತ್ತು ಅಂತ ಕಣ್ಣಾರೆ ನೋಡಿದ್ವಿ, ಆಮೇಲೆ ಹನಿ ಚಿಕ್ಕದು ಮಾಡಿದ್ವಿ, ಮತ್ತೆ ಹಾಗಾಗಲಿಲ್ಲ.

ಹಾಗಂತ ಎಲ್ಲದಕ್ಕೂ ದುಡ್ಡು ಸುರೀಬೇಡಿ. ಸೆಂಚುರಿಯನ್ ಮಾಡೆಲ್ಲಿಗೆ ಪಕ್ಕದ ತಗಡು ಹಾಕಿದರೆ ಮೇಲಿನ ಟ್ರ್ಯಾಕ್ ಕಾಣೋದೇ ಇಲ್ಲ. ಶರ್ಮನ್ ಟ್ಯಾಂಕಿನ ಟ್ರ್ಯಾಕ್ ರೋಲರ್ ಮೇಲೆ ಬಿಗಿಯಾಗೇ ಓಡುತ್ತೆ, ಅಲ್ಲಿ ಜೋತು ಬಿದ್ದರೇ ತಪ್ಪು. ಮೆಟಲ್ ಹಾಕೋದಾದರೆ ಪ್ಲಾಸ್ಟಿಕ್ ಆಕ್ಸಲ್‌ಗಳನ್ನ ಗಟ್ಟಿಯಾಗಿ ಅಂಟಿಸಿ, ಇಲ್ಲದಿದ್ದರೆ ಭಾರಕ್ಕೆ ಚಕ್ರ ವಾಲುತ್ತೆ. ಲೋಹದ ಪುಡಿ ಉಸಿರಿಗೆ ಎಳೀಬೇಡಿ, ಊಟಕ್ಕೆ ಮುಂಚೆ ಕೈ ತೊಳೀರಿ. ಕೆಲವು ಬಿಳಿ ಲೋಹಗಳಲ್ಲಿ ಸೀಸ ಇರುತ್ತೆ.

ಟ್ಯಾಂಕ್ ಈಗ ನಮ್ಮ ಕಿಟಕಿ ಪಕ್ಕ ಇದೆ. ಯಾರು ಬೇಕಾದರೂ ಬಂದು ಎತ್ತಿ ನೋಡಬಹುದು. ಮುಂದಕ್ಕೆ ಓರೆ ಮಾಡಿದರೆ ಇಳಿತ ಮುಂದಕ್ಕೆ ಸರಿಯುತ್ತೆ, ಹಿಂದಕ್ಕೆ ಮಾಡಿದರೆ ಹಿಂದಕ್ಕೆ. ಲ್ಯಾಬ್ ರೆಕಾರ್ಡೂ ಅದೇ ಮೇಜಿನ ಮೇಲಿದೆ. ಆ ಬಿಂದು ಯಾಕೆ ದೂರ ಹೋಗಿತ್ತು, ಸ್ಪ್ರಿಂಗಿನ ತಪ್ಪಾ, ಡಯಲ್ ಗೇಜ್ ಸಿಕ್ಕಿಕೊಂಡಿತ್ತಾ, ನಮ್ಮ ಕಣ್ಣಿನ ತಪ್ಪಾ? ಈಗ ಗೊತ್ತಾಗೋ ದಾರಿಯೇ ಇಲ್ಲ. ಒರೆಸಿಬಿಟ್ಟಿದ್ದೀವಿ.